ಹೂಂಗುಟ್ಟುವ ತಂತಿ

“ಗುರುಗಳೇ, ಯಂತ್ರ ನಿಲ್ಲಿಸುವ ಗುಂಡಿಯನ್ನು ಒತ್ತಿದಾಗ ಅದರ ತಂತಿಯಲ್ಲಿ ಕರೆಂಟು ಹರಿಯಬೇಕು ತಾನೆ? ನೀವು ಹೇಳಿಕೊಟ್ಟಿದ್ದು ತಿರುವುಮುರುವು. ಒತ್ತದೆ ಇರುವಾಗ ಇಡೀ ದಿನ ಹರಿಯುತ್ತಿರಬೇಕು, ಒತ್ತಿದ ಕೂಡಲೇ ಕಡಿಯಬೇಕು. ಯಾಕೆ ಹೀಗೆ?”

ಕೇಳಿದವನು ಕೊಟ್ರೇಶ. ಮರುದಿನ ಅವನು ಒಂದು ಪ್ಲೈವುಡ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರುವವನಿದ್ದ. ಅಲ್ಲಿ ಮರ ಕೊಯ್ಯುವ ಗರಗಸಗಳನ್ನು ಆಳುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರ್ ಪೆಟ್ಟಿಗೆ ಅವನ ಉಸ್ತುವಾರಿಗೆ ಬರಲಿತ್ತು. ಗುರುಗಳಿಗೆ ನಮಸ್ಕಾರ ಮಾಡಿ ಹೊರಡೋಣವೆಂದು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದಿದ್ದ.

ಗುರುಗಳ ಹೆಸರು ಪದ್ಮರಾಜಯ್ಯ. ಕಾರ್ಖಾನೆಗಳಲ್ಲಿ ಕೆಟ್ಟು ನಿಂತ ಯಂತ್ರಗಳನ್ನು ಸರಿಮಾಡುತ್ತಲೇ ತಲೆ ಬೆಳ್ಳಗಾದವರು. ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕಾರು ಹುಡುಗರಿಗೆ ಆ ವಿದ್ಯೆಯನ್ನು ಕಲಿಸುತ್ತಿದ್ದರು. ಬೇರೆ ಕಡೆ ‘ಸರ್’ ಎನ್ನುವ ಹುಡುಗರೂ ಆ ಶೆಡ್ಡಿಗೆ ಬಂದರೆ ‘ಗುರುಗಳೇ’ ಎನ್ನುತ್ತಿದ್ದರು.

ಆ ಹುಡುಗರಲ್ಲಿ ಕೊಟ್ರೇಶ ಬಲು ಚುರುಕು. ಗುರುಗಳ ಮಾತು ಮುಗಿಯುವ ಮೊದಲೇ ಅವನ ‘ಹೂಂ’ ಬಂದುಬಿಡುತ್ತಿತ್ತು. ಕಲಿತಷ್ಟು ಕಾಲದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಇದು. ಗುರುಗಳಿಗೆ ಆಶ್ಚರ್ಯವಾಯಿತು, ಸಂತೋಷವೂ ಆಯಿತು. ಹೊರಡುವ ಹೊತ್ತಿಗಾದರೂ ಕೇಳಿದನಲ್ಲ ಎಂದುಕೊಂಡರು.

“ಚಿಕ್ಕವನಿದ್ದಾಗ ನಿನಗೆ ಕತೆ ಹೇಳುತ್ತಿದ್ದವರು ಯಾರು?”

“ಅಜ್ಜಿ.”

“ನೀನು ಹೂಂಗುಟ್ಟುತ್ತಿದ್ದೆಯಾ?”

“ಹೂಂಗುಟ್ಟದಿದ್ರೆ ಅಜ್ಜಿ ಕತೆ ನಿಲ್ಲಿಸಿಬಿಡ್ತಿದ್ಲು. ನಂಗೆ ನಿದ್ದೆ ಬಂತು ಅಂತ ಅವಳಿಗೆ ಗೊತ್ತಾಗ್ತಿತ್ತು.”

“ಅಷ್ಟು ಹೊತ್ತು ಹೂಂ ಹೂಂ ಎನ್ನುವ ಕಷ್ಟವೇಕೆ? ಸುಮ್ಮನೆ ಮಲಗಿ ಕೇಳುತ್ತಿದ್ದು, ನಿದ್ದೆ ಬಂದಾಗ ‘ಅಜ್ಜೀ, ನನಗೆ ನಿದ್ದೆ ಬಂತು’ ಎಂದು ಒಂದೇ ಸಲ ಹೇಳಬಹುದಾಗಿತ್ತಲ್ಲ?”

ಕೊಟ್ರೇಶ ನಕ್ಕ. “ನಿದ್ದೆ ಬಂದವನು ಹೆಂಗ್ ಹೇಳ್ತಾನೆ ಗುರುಗಳೇ?”

“ಕಡಿದುಹೋದ ತಂತಿ ಹೇಗೆ ಹೇಳುತ್ತದೆ?”

ಕೊಟ್ರೇಶನ ನಗು ನಿಂತಿತು. ಗುರುಗಳು ಬಿಡಿಸಿ ಹೇಳಿದರು. ನಿಲ್ಲಿಸುವ ಗುಂಡಿಯ ತಂತಿ ಪಿಎಲ್‌ಸಿಗೆ ಇಡೀ ದಿನ ಹೂಂಗುಟ್ಟುತ್ತಿರಬೇಕು. ಆ ಹೂಂ ಇರುವವರೆಗೆ ಯಂತ್ರ ಓಡುತ್ತದೆ. ಗುಂಡಿ ಒತ್ತಿದರೂ ಹೂಂ ನಿಲ್ಲುತ್ತದೆ, ಇಲಿ ತಂತಿ ಕಡಿದರೂ ನಿಲ್ಲುತ್ತದೆ. ಹೂಂ ನಿಂತರೆ ಯಂತ್ರವೂ ನಿಲ್ಲುತ್ತದೆ. ಒತ್ತಿದಾಗ ಮಾತ್ರ ಕೂಗುವ ತಂತಿಯನ್ನು ಕಟ್ಟಿದರೆ, ಅದು ಸುಮ್ಮನಿರುವುದು ಎಲ್ಲ ಸರಿಯಿದೆಯೆಂದೋ, ಸತ್ತುಹೋಗಿರುವುದರಿಂದಲೋ, ಪಿಎಲ್‌ಸಿಗೆ ತಿಳಿಯುವುದಿಲ್ಲ.

“ಹೂಂ, ಗೊತ್ತಾಯ್ತು ಗುರುಗಳೇ,” ಎಂದು ಕೊಟ್ರೇಶ ಎದ್ದ. ಬಾಗಿಲವರೆಗೆ ಹೋಗಿ, ಏನೋ ನೆನಪಾಗಿ ತಿರುಗಿ ನಕ್ಕ. “ಒಂದು ತಮಾಷೆ. ನಾನು ನಿದ್ದೆಗಣ್ಣಲ್ಲೂ ಹೂಂ ಅಂತಿದ್ದೆ. ಅಭ್ಯಾಸ ಆಗಿಬಿಟ್ಟಿತ್ತು. ಪಾಪ, ಅಜ್ಜಿಗೆ ಗೊತ್ತೇ ಆಗ್ತಿರಲಿಲ್ಲ.”

“ಗೊತ್ತಾಗುತ್ತಿತ್ತು.”

“ಹೆಂಗೆ?”

ಗುರುಗಳು ಕೈಸನ್ನೆ ಮಾಡಿ ಕರೆದರು. “ಕೂತುಕೋ. ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿರಬಹುದು, ಕತೆ ಇನ್ನೂ ಶುರುವಾಗಿಲ್ಲ. ಹೂಂಗುಟ್ಟುತ್ತಾ ಇರು,” ಎಂದರು. ಕೊಟ್ರೇಶ ಬಾಳೆಹಣ್ಣನ್ನು ಗುರುಗಳ ಮುಂದಿಟ್ಟು ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಮಿಡಿಸೌತೆಯ ಕಾರ್ಖಾನೆಯಿತ್ತು. ಹೆಬ್ಬೆರಳಿನಷ್ಟು ಉದ್ದದ ಎಳೆಯ ಸೌತೆಕಾಯಿಗಳನ್ನು ಉಪ್ಪುನೀರಿನ ಡ್ರಮ್ಮುಗಳಲ್ಲಿ ತುಂಬಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆ. ಬೆಲ್ಟಿನ ಮೇಲೆ ಕಾಯಿ ಹರಿದುಬರುತ್ತಿತ್ತು. ಎರಡೂ ಬದಿಗೆ ನಿಂತ ಹೆಂಗಸರು ಕೆಟ್ಟದ್ದನ್ನು ಆರಿಸಿ ತೆಗೆಯುತ್ತಿದ್ದರು. ಅವರ ತಲೆಯ ಮೇಲೆ ಬೆಲ್ಟಿನ ಉದ್ದಕ್ಕೂ ಒಂದು ಕೆಂಪು ಹಗ್ಗ ಕಟ್ಟಿತ್ತು. ಯಾರ ಕೈಯಾದರೂ ಸಿಕ್ಕಿಕೊಂಡರೆ ಹಗ್ಗ ಎಳೆಯಬೇಕು. ಎಳೆದರೆ ಕೊನೆಯಲ್ಲಿರುವ ಸ್ವಿಚ್ಚು ಬೀಳುತ್ತದೆ, ತಂತಿಯ ಹೂಂ ನಿಲ್ಲುತ್ತದೆ, ಪಿಎಲ್‌ಸಿ ಬೆಲ್ಟನ್ನು ನಿಲ್ಲಿಸುತ್ತದೆ. ಇಂಥ ತಂತಿ ಪಿಎಲ್‌ಸಿಯ ಜೊತೆಗೆ ನೇರವಾಗಿ ಮೋಟಾರನ್ನೂ ತಡೆಯುವಂತಿರಬೇಕು. ಅಲ್ಲಿ ಹಾಗಿರಲಿಲ್ಲ.

“ಹೂಂ.”

ಸುಗ್ಗಿಯ ಕಾಲದಲ್ಲಿ ಆ ಬೆಲ್ಟು ಇದ್ದಕ್ಕಿದ್ದಂತೆ ನಿಲ್ಲತೊಡಗಿತು. ಯಾರೂ ಹಗ್ಗ ಮುಟ್ಟಿಲ್ಲ, ಬೆಲ್ಟು ನಿಂತಿದೆ. ಮತ್ತೆ ಓಡಿಸಿದರೆ ಓಡುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುತ್ತದೆ. ಗೇಟಿನ ಹೊರಗೆ ಕಾಯಿ ತುಂಬಿದ ಲಾರಿಗಳು ಸಾಲುಗಟ್ಟಿದವು. ಕಾರ್ಖಾನೆಯ ಮಾಲೀಕ ಒಬ್ಬ ಎಂಜಿನಿಯರನ್ನು ಕರೆಸಿದ.

ಕೊಟ್ರೇಶನ ಕಣ್ಣು ಮಿನುಗಿತು. “ಪ್ರೋಗ್ರಾಮಿನಲ್ಲಿ ತಪ್ಪಿತ್ತಾ ಗುರುಗಳೇ? ಇಲ್ಲಾ ವೋಲ್ಟೇಜು?”

ನಿನ್ನ ಹಾಗೆಯೇ ಎಂಜಿನಿಯರಿಗೂ ಕುತೂಹಲವಾಯಿತು, ಎಂದರು ಗುರುಗಳು. ಅವನು ಜಾಣ, ಕೆಲಸ ಬಲ್ಲವನು. ಪ್ರೋಗ್ರಾಮು ನೋಡಿದ, ಸರಿಯಿತ್ತು. ವೋಲ್ಟೇಜು ನೋಡಿದ, ಅದೂ ಸರಿಯಿತ್ತು. ಲ್ಯಾಪ್‌ಟಾಪನ್ನು ಪಿಎಲ್‌ಸಿಗೆ ಜೋಡಿಸಿ ಕಣ್ಣು ನೆಟ್ಟು ಕೂತ. ಬೆಲ್ಟು ನಿಲ್ಲುವ ಗಳಿಗೆಯಲ್ಲಿ ಹಗ್ಗದ ತಂತಿಯ ಹೂಂ ಕಣ್ಣು ಮಿಟುಕಿಸುವಷ್ಟು ಹೊತ್ತು ತಪ್ಪುತ್ತಿತ್ತು. ಸಿಕ್ಕಿಬಿದ್ದೆ ಮಗನೇ ಎಂದು ಅವನು ಹಗ್ಗದ ಕೊನೆಗೆ ಓಡಿದ. ಸ್ವಿಚ್ಚು ಬಿಚ್ಚಿ ನೋಡಿದ, ಒರೆಸಿದ, ತಿರುಪು ಬಿಗಿಮಾಡಿದ. ಸ್ವಿಚ್ಚಿನಲ್ಲಿ ಏನೂ ದೋಷವಿರಲಿಲ್ಲ. ಅವನು ವಾಪಸು ಬಂದು ಕೂರುವಷ್ಟರಲ್ಲಿ ಬೆಲ್ಟು ಮತ್ತೆ ನಿಂತಿತು. ಪಕ್ಕದ ಶೆಡ್ಡಿನಲ್ಲಿ ಯಾರೋ ತುಂಬಿದ ಡ್ರಮ್ಮು ಉರುಳಿಸಿಕೊಂಡು ಹೋಗುತ್ತಿದ್ದರು. ಆ ಸದ್ದಿಗೆ ಅವನು ತಲೆ ಎತ್ತಿದ, ಮತ್ತೆ ಲ್ಯಾಪ್‌ಟಾಪಿನೊಳಗೆ ಮುಳುಗಿದ.

“ಹೂಂ.”

ಮಾಲೀಕನಿಗೆ ತಾಳ್ಮೆ ತಪ್ಪಿತು. ಇದು ಹೆಂಗಸರದೇ ಕೆಲಸ, ಕಾಲು ಸೋತಾಗ ಹಗ್ಗ ಎಳೆದು ಕೂರುತ್ತಾರೆ ಎಂದು ಕೂಗಾಡಿದ. ಎಂಜಿನಿಯರಿಗೆ ಅದೂ ಇರಬಹುದು ಅನ್ನಿಸಿತು. ಬೆಲ್ಟಿನ ತುದಿಯಲ್ಲಿ, ರೋಲರಿನ ಪಕ್ಕ ನಿಂತಿದ್ದ ಒಬ್ಬ ಹೆಂಗಸನ್ನು ಕೇಳಿದ, ಹಗ್ಗ ಎಳೆಯುತ್ತಿರುವವರು ಯಾರು ಎಂದು.

“ಎಳ್ದಿದ್ರೆ ಎಳ್ದಿದ್ದೀವಿ ಅಂತ ಹೇಳ್ತೀವಿ ಸ್ವಾಮಿ, ನಮಗೇನು ಭಯ? ಯಾರೂ ಎಳ್ದಿಲ್ಲ,” ಎಂದಳು ಆಕೆ.

ಎಂಜಿನಿಯರ್ ತಲೆಯಾಡಿಸಿದ. ನಂಬಲಿಲ್ಲ.

ಇನ್ನು ಉಳಿದದ್ದು ಒಂದೇ ಕೆಲಸ. ಸ್ವಿಚ್ಚಿನಿಂದ ಪಿಎಲ್‌ಸಿಯವರೆಗಿನ ತಂತಿಯನ್ನು ಅಂಗುಲ ಅಂಗುಲವಾಗಿ ನೋಡುತ್ತಾ ಹೋಗುವುದು. ಅದು ಗೋಡೆಗಳ ಮೇಲೆ, ಪೈಪುಗಳ ಒಳಗೆ, ಡ್ರಮ್ಮಿನ ಶೆಡ್ಡನ್ನು ಸುತ್ತಿಕೊಂಡು ಬರುವ ತಂತಿ. ನೋಡಲು ಬೆಲ್ಟು ನಿಲ್ಲಿಸಬೇಕು. ಎಂಜಿನಿಯರ್ ಹಾಗೆಂದು ಬಾಯಿ ತೆರೆಯುವ ಮೊದಲೇ ಮಾಲೀಕ ಕೈಮುಗಿದ. “ಸಾರ್, ಇವತ್ತು ಕಿತ್ತ ಕಾಯಿ ಇವತ್ತೇ ಉಪ್ಪುನೀರಿಗೆ ಬೀಳ್ಬೇಕು. ನಾಳೆಗೆ ಮೆತ್ತಗಾದ್ರೆ ದನಾನೂ ಮೂಸಲ್ಲ. ಹೆಂಗಾದ್ರೂ ಮಾಡಿ ಓಡಿಸ್ಕೊಡಿ.”

ಇಲ್ಲಿ ಗುರುಗಳು ಕತೆ ನಿಲ್ಲಿಸಿ ಕೊಟ್ರೇಶನತ್ತ ಬೆರಳು ಮಾಡಿದರು. “ಹೇಗಾದರೂ ಮಾಡಿ ಎಂದು ಯಾರಾದರೂ ಕೈಮುಗಿದರೆ, ಲ್ಯಾಪ್‌ಟಾಪು ಮುಚ್ಚಿ ಒಂದು ಲೋಟ ನೀರು ಕುಡಿ. ಆ ಮಾತು ಕೇಳಿದಾಗ ನಮ್ಮಂಥವರಿಗೆ ನಾವು ದೊಡ್ಡ ಮನುಷ್ಯರು ಅನ್ನಿಸಿಬಿಡುತ್ತದೆ. ಅಂಥ ಹೊತ್ತಿನಲ್ಲಿ ಯಾವ ಕೀಲಿಯನ್ನೂ ಒತ್ತಬಾರದು.”

“ಹೂಂ ಗುರುಗಳೇ.”

ಆ ಎಂಜಿನಿಯರ್ ನೀರು ಕುಡಿಯಲಿಲ್ಲ. ಲ್ಯಾಪ್‌ಟಾಪಿನಲ್ಲಿ ಆ ತಂತಿಯನ್ನು ಫೋರ್ಸ್ ಮಾಡಿದ. ಫೋರ್ಸ್ ಎಂದರೇನು, ನಿನಗೆ ಕಲಿಸಿದ್ದೇನೆ. ತಂತಿ ಏನೇ ಹೇಳಲಿ, ಪಿಎಲ್‌ಸಿ ಅದಕ್ಕೆ ಕಿವಿಗೊಡುವುದಿಲ್ಲ. ನಾವು ಒಳಗೆ ಕೂರಿಸಿದ ಹೂಂ ಮಾತ್ರ ಅದಕ್ಕೆ ಕೇಳಿಸುತ್ತದೆ. ಯಂತ್ರವನ್ನು ಪರೀಕ್ಷೆ ಮಾಡುವಾಗ ಅರೆಗಳಿಗೆ ಬಳಸಿ ತೆಗೆಯಬೇಕಾದ ಉಪಾಯ ಅದು. ಸುಗ್ಗಿ ಮುಗಿಯಲಿ, ಬಂದು ತಂತಿ ಹುಡುಕಿ ಫೋರ್ಸ್ ತೆಗೆಯುತ್ತೇನೆ ಎಂದುಕೊಂಡ. ಸುಳ್ಳು ಮನಸ್ಸಿನಿಂದ ಅಂದುಕೊಂಡದ್ದಲ್ಲ. ನಿಜವಾಗಿಯೂ ಬರುವವನಿದ್ದ.

ಬೆಲ್ಟು ಓಡಿತು. ನಿಲ್ಲಲೇ ಇಲ್ಲ. ಹೊರಡುವ ಮುನ್ನ ಎಂಜಿನಿಯರ್ ಬೆಲ್ಟಿನ ಬಳಿಗೆ ಹೋಗಿ ಕೆಂಪು ಹಗ್ಗವನ್ನು ಒಮ್ಮೆ ಎಳೆದು ನೋಡಿದ. ಬೆಲ್ಟು ನಿಂತಿತು. ಅವನಿಗೆ ಸಮಾಧಾನವಾಯಿತು. ಮತ್ತೆ ಓಡಿಸಿ ಕೈ ತೊಳೆದ. ಮಾಲೀಕ ಎಳನೀರು ಕೆತ್ತಿಸಿ ಕೊಟ್ಟ.

“ಹೂಂ.”

ಗುರುಗಳು ಕೊಟ್ರೇಶನ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ಕತೆ ಮುಂದುವರಿಸಿದರು.

ಸುಗ್ಗಿ ಮುಗಿಯಿತು. ಎಂಜಿನಿಯರ್ ಫೋನು ಮಾಡಿದ. “ಓಡ್ತಾ ಇದೆಯಲ್ಲ ಸಾರ್, ಬಿಡಿ,” ಎಂದ ಮಾಲೀಕ. ಕೆಟ್ಟ ಯಂತ್ರಕ್ಕೆ ಹತ್ತು ಜನ ವೈದ್ಯರು, ಓಡುವ ಯಂತ್ರದ ಹತ್ತಿರ ಯಾರೂ ಸುಳಿಯುವುದಿಲ್ಲ. ಎಂಜಿನಿಯರ್ ಬೇರೆ ಕಾರ್ಖಾನೆ, ಬೇರೆ ಊರು ಎಂದು ತಿರುಗಿದ. ಮರೆತ.

ಪಿಎಲ್‌ಸಿ ಮರೆಯಲಿಲ್ಲ. ಫೋರ್ಸ್ ಇರುವಷ್ಟು ಕಾಲ ಅದರ ಮುಖದ ಮೇಲೆ ಒಂದು ಸಣ್ಣ ಹಳದಿ ದೀಪ ಉರಿಯುತ್ತದೆ. ನನ್ನೊಳಗೆ ಯಾರೋ ಒಂದು ಹೂಂ ಕೂರಿಸಿದ್ದಾರೆ, ತೆಗೆಯಿರಿ ಎಂದು ಅದು ಹೇಳುತ್ತಲೇ ಇತ್ತು. ಆಯುಧಪೂಜೆ ಬಂತು. ಪ್ಯಾನೆಲ್ಲಿನ ಬಾಗಿಲು ತೆಗೆದು, ಧೂಳು ಹೊಡೆದು, ಪಿಎಲ್‌ಸಿಗೆ ಹೂವಿಟ್ಟು, ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಭಕ್ತಿಯಿಂದಲೇ ಎಳೆದರು. ನಡುವಿನ ಪಟ್ಟೆ ಆ ದೀಪದ ಮೇಲೆ ಬಿತ್ತು. ದೇವರ ಗಂಧ, ವಿಭೂತಿಯನ್ನು ಯಾರಾದರೂ ಒರೆಸುತ್ತಾರೆಯೇ? ಅದು ಹಾಗೇ ಒಣಗಿ ಕೂತಿತು.

ಕೊಟ್ರೇಶ ಹೂಂಗುಟ್ಟಿದ. ಈ ಸಲದ ಹೂಂ ಸ್ವಲ್ಪ ತಡವಾಗಿ ಬಂತು. ಮುಂದೇನಾಗುವುದೆಂದು ಅವನಿಗೆ ಭಯವಾಗತೊಡಗಿತ್ತು.

ಮರುವರ್ಷದ ಸುಗ್ಗಿಗೆ ಮಾಲೀಕ ಹೊಸ ತೂಕದ ಯಂತ್ರ ಕೂರಿಸಬೇಕೆಂದು ಅದೇ ಎಂಜಿನಿಯರನ್ನು ಕರೆಸಿದ. ಅವನು ಮಾಲೀಕನ ಕೋಣೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದ. ಮೇಜಿನ ಮೇಲಿನ ಪರದೆಯಲ್ಲಿ ಇಡೀ ಕಾರ್ಖಾನೆಯ ಚಿತ್ರವಿತ್ತು. ಬೆಲ್ಟು ಹಸಿರು, ರೋಲರ್ ಹಸಿರು, ಹಗ್ಗ ಹಸಿರು. ಗಾಜಿನ ಆಚೆ ಬೆಲ್ಟು ಕಾಣುತ್ತಿತ್ತು.

ರೋಲರಿನ ಪಕ್ಕ ಒಂದು ಕಾಯಿ ಸಿಕ್ಕಿಕೊಂಡಿತು. ಅಲ್ಲಿದ್ದವಳು ಹಿಂದಿನ ವರ್ಷ ಮಾತಾಡಿದ್ದ ಅದೇ ಹೆಂಗಸು. ಕಾಯಿ ತೆಗೆಯಲು ಕೈ ಹಾಕಿದಳು. ಅವಳ ಕೈಯ ರಬ್ಬರ್ ಗವಸಿನ ತುದಿ ರೋಲರಿನ ಸಂದಿಗೆ ಹೋಯಿತು. ಹಿಂದೆಯೇ ಹೆಬ್ಬೆರಳು ಹೋಯಿತು. ಆಕೆ ಇನ್ನೊಂದು ಕೈಯಿಂದ ಹಗ್ಗ ಎಳೆದಳು. ಬೆಲ್ಟು ಓಡುತ್ತಲೇ ಇತ್ತು. ಜೋತುಬಿದ್ದು ಎಳೆದಳು. ಓಡುತ್ತಲೇ ಇತ್ತು. ಅಕ್ಕಪಕ್ಕದವರೆಲ್ಲ ಅರಚುತ್ತಾ ಹಗ್ಗಕ್ಕೆ ಜೋತುಬಿದ್ದರು.

ಅರಚಾಟ ಎಂಜಿನಿಯರಿಗೆ ಕೇಳಿಸಿತು. ಅವನು ಏನು ಮಾಡಿದ, ಹೇಳು?

“ಓಡಿಹೋದ,” ಎಂದ ಕೊಟ್ರೇಶ.

ಇಲ್ಲ. ಮೊದಲು ಪರದೆ ನೋಡಿದ. ಹಗ್ಗ ಹಸಿರಾಗಿತ್ತು. ಯಾರೂ ಹಗ್ಗ ಎಳೆದಿಲ್ಲ, ಏನೋ ಜಗಳವಿರಬೇಕು ಎಂದುಕೊಂಡು ಲೋಟ ಎತ್ತಿದ. ಆ ಹಸಿರನ್ನು ಅಲ್ಲಿ ಕೂರಿಸಿದವನು ಅವನೇ. ತಾನೇ ಹೇಳಿಸಿದ ಮಾತನ್ನು ಯಂತ್ರದ ಮಾತೆಂದು ತಾನೇ ನಂಬಿದ. ಆಮೇಲೆ ಗಾಜಿನಾಚೆ ನೋಡಿದ. ಹೆಂಗಸರ ಭಾರಕ್ಕೆ ಕೆಂಪು ಹಗ್ಗ ಬೆಲ್ಟಿನವರೆಗೆ ಬಾಗಿತ್ತು. ಪರದೆಯಲ್ಲಿ ಅದು ಇನ್ನೂ ಹಸಿರಾಗಿಯೇ ಇತ್ತು. ಆಗ ಅವನಿಗೆ ನೆನಪಾಯಿತು. ಲೋಟ ಎಲ್ಲಿ ಬಿತ್ತೋ ತಿಳಿಯದು, ಓಡಿಹೋಗಿ ಇಡೀ ಕಾರ್ಖಾನೆಯ ಮೇನ್ ಸ್ವಿಚ್ಚು ಇಳಿಸಿದ.

ಕೈ ಉಳಿಯಿತು. ಹೆಬ್ಬೆರಳು ಉಳಿಯಲಿಲ್ಲ. ಬಲಗೈ. ಮುದ್ದೆ ಮುರಿಯುವ ಕೈ, ಮಗಳಿಗೆ ಜಡೆ ಹೆಣೆಯುವ ಕೈ.

ಕೊಟ್ರೇಶನಿಂದ ಹೂಂ ಬರಲಿಲ್ಲ. ಗುರುಗಳು ಕಾದರು. ಕತೆ ಅಷ್ಟು ಹೊತ್ತು ನಿಂತಿತು. ಕೊನೆಗೆ ಅವನು “ಹೂಂ,” ಎಂದ.

ಎಂಜಿನಿಯರ್ ಅವತ್ತೇ ಫೋರ್ಸ್ ತೆಗೆದ. ಹಳದಿ ದೀಪ ಎಲ್ಲಿ ಎಂದು ಹುಡುಕಿದರೆ ವಿಭೂತಿ ಸಿಕ್ಕಿತು. ಆಮೇಲೆ ಹಿಂದಿನ ವರ್ಷ ಮಾಡಬೇಕಾಗಿದ್ದ ಕೆಲಸ ಮಾಡಿದ. ತಂತಿಯನ್ನು ಕೈಯಲ್ಲಿ ಹಿಡಿದು ಸ್ವಿಚ್ಚಿನಿಂದ ಪಿಎಲ್‌ಸಿಯ ಕಡೆಗೆ ನಡೆದ. ಡ್ರಮ್ಮಿನ ಶೆಡ್ಡಿನ ಗೋಡೆಯ ಮೇಲೆ ತಂತಿಗೆ ಒಂದು ಜೋಡಣೆಯಿತ್ತು. ಅಲ್ಲಿಗೆ ಉಪ್ಪುನೀರು ಇಳಿದು ತಾಮ್ರ ಹಸಿರುಗಟ್ಟಿತ್ತು. ತುಂಬಿದ ಡ್ರಮ್ಮು ಹೊಸ್ತಿಲು ದಾಟುವಾಗ ಗೋಡೆ ಅದುರುತ್ತಿತ್ತು. ಗೋಡೆ ಅದುರಿದಾಗ ಜೋಡಣೆ ಬಿಟ್ಟು ಕೂಡುತ್ತಿತ್ತು. ಅಷ್ಟೇ. ಆ ಸದ್ದನ್ನು ಎಲ್ಲರೂ ಕೇಳಿದ್ದರು, ಬೆಲ್ಟು ನಿಂತದ್ದನ್ನೂ ಎಲ್ಲರೂ ನೋಡಿದ್ದರು. ಎರಡನ್ನೂ ಜೋಡಿಸಿ ನೋಡಿದವರಿಲ್ಲ. ಒಂದು ಮೊಳ ಹೊಸ ತಂತಿ ಹಾಕಿದ. ಕಾಫಿ ಆರುವಷ್ಟು ಹೊತ್ತಿನ ಕೆಲಸ.

ಬೆಲ್ಟು ಸುಮ್ಮಸುಮ್ಮನೆ ನಿಲ್ಲುತ್ತದೆ ಎಂದು ಎಲ್ಲರೂ ತಂತಿಯನ್ನು ಬೈದಿದ್ದರು. ತಂತಿ ಸುಮ್ಮಸುಮ್ಮನೆ ನಿಂತಿರಲಿಲ್ಲ. ನನಗೆ ಕಾಯಿಲೆಯಾಗಿದೆ, ನಾಳೆ ನನ್ನ ಹೂಂ ನಿಂತರೆ ಯಾರೋ ಹಗ್ಗ ಎಳೆದದ್ದೋ, ನಾನೇ ಕಡಿದದ್ದೋ ನಿಮಗೆ ತಿಳಿಯದೆ ಹೋಗಬಹುದು, ಇವತ್ತೇ ನೋಡಿ ಎನ್ನುತ್ತಿತ್ತು. ಅದರ ಬಾಯಿಗೆ ಬಟ್ಟೆ ತುರುಕಿ, ಅದರ ಪರವಾಗಿ ನಾವೇ ಹೂಂ ಎಂದೆವು.

ಎಂಜಿನಿಯರ್ ಆಸ್ಪತ್ರೆಗೆ ಹೋದ. ಏನು ಹೇಳಬೇಕೋ ತೋಚದೆ, ಹಗ್ಗ ಎಳೆದೆಯಾ ತಾಯಿ ಎಂದು ಕೇಳಿದ. ಆಕೆ ಅವನನ್ನು ಬೈಯಲಿಲ್ಲ. ಅವಳಿಗೂ ಅದೊಂದು ತಿಳಿಯಬೇಕಾಗಿತ್ತೋ ಏನೋ, ಅವನನ್ನೇ ಕೇಳಿದಳು.

“ಎಳ್ದಿಲ್ಲ ಅಂದಾಗ ನೀವು ನಂಬ್ಲಿಲ್ಲ. ಎಳ್ದಾಗ ನಿಮ್ಮ ಪೆಟ್ಟಿಗೆ ನಂಬ್ಲಿಲ್ಲ. ಇನ್ನು ನಾವು ಹೆಂಗೆ ಹೇಳ್ಬೇಕಾಗಿತ್ತು ಸ್ವಾಮಿ?”

ಕತೆ ಮುಗಿಯಿತು.

ಕೊಟ್ರೇಶನ ಕಣ್ಣು ತುಂಬಿತ್ತು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಗುರುಗಳ ಕಾಲು ಮುಟ್ಟಿ ನಮಸ್ಕರಿಸಿದ.

“ಗೊತ್ತಾಯ್ತು ಗುರುಗಳೇ. ಪೂರ್ತಿ ಗೊತ್ತಾಯ್ತು. ಅಲ್ಲಿ ಗರಗಸ ಇದೆ. ನಾನು ಯಾವತ್ತೂ ಹಂಗೆ ಹೂಂ ಕೂರಿಸಲ್ಲ.”

“ಒಳ್ಳೆಯದು. ಹೋಗಿ ಬಾ,” ಎಂದರು ಗುರುಗಳು.

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವಾಗ ಅವನಿಗೆ ಒಂದು ಮಾತು ಬಾಕಿ ಉಳಿದದ್ದು ನೆನಪಾಯಿತು.

“ಗುರುಗಳೇ, ನಾನು ನಿದ್ದೆಗಣ್ಣಲ್ಲಿ ಹೂಂ ಅಂತಿದ್ದದ್ದು ಅಜ್ಜಿಗೆ ಹೆಂಗೆ ಗೊತ್ತಾಗ್ತಿತ್ತು? ನೀವು ಹೇಳಲೇ ಇಲ್ಲ.”

“ಫೋರ್ಸ್ ಮಾಡಿದ ಮೇಲೆ ಎಂಜಿನಿಯರ್ ಹಗ್ಗ ಎಳೆದು ನೋಡಿದ, ಬೆಲ್ಟು ನಿಂತಿತು ಎಂಬ ಆಗಲಾರದ ಮಾತನ್ನು ನಾನು ಹೇಳಿದಾಗಲೂ ನೀನು ಹೂಂಗುಟ್ಟಿದೆಯಲ್ಲ, ಹಾಗೆ.”

ಕೊಟ್ರೇಶ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಹಾಗೇ ನಿಂತ. ಹೂಂ ಎನ್ನಲಿಲ್ಲ.